ಕನ್ನಡ ಹಾಡಿನ ಸಂಗ್ರಹಕ್ಕೆ ಯಾವ ಪ್ಲೇಯರ್? ಫೋನು, ಹಳೆ ಐಪಾಡ್, ಡಿಎಪಿ: ಒಂದು ಹೋಲಿಕೆ

ಹಳೆಯ ಹಾರ್ಡ್ ಡಿಸ್ಕಿನಲ್ಲಿ ಎಂಟು-ಹತ್ತು ಸಾವಿರ ಹಾಡು, ಅದರಲ್ಲಿ ಅರ್ಧದ ಹೆಸರು ‘ಟ್ರ್ಯಾಕ್ 01’. ಹೊಸ ಫೋನಿನಲ್ಲಿ ಇಯರ್‌ಫೋನ್ ಚುಚ್ಚುವ ತೂತೇ ಇಲ್ಲ. ಸ್ಟ್ರೀಮಿಂಗ್ ಆ್ಯಪಿನಲ್ಲಿ ಹೋದ ತಿಂಗಳು ಇದ್ದ ಹಾಡು ಈ ತಿಂಗಳು ಮಂಕಾಗಿ ಕೂತಿದೆ, ಒತ್ತಿದರೆ ಮಾತಾಡುವುದಿಲ್ಲ. ಹಾಡಿಗೆಂದೇ ಬೇರೆ ಪ್ಲೇಯರ್ (ಡಿಎಪಿ) ಕೊಳ್ಳಬೇಕೆ, ಕೊಂಡರೆ ಯಾವುದು ಎಂದು ವಿಚಾರಿಸಲು ಹೊರಟರೆ ಎಲ್ಲ ಕಡೆ ಸಿಗುವುದು ಡಿಎಸಿ (ಡಿಜಿಟಲ್ ಸಂಕೇತವನ್ನು ಧ್ವನಿಯಾಗಿಸುವ) ಚಿಪ್ಪಿನ ಹೆಸರು, ಬಿಟ್, ಕಿಲೋಹರ್ಟ್ಸು. ಕನ್ನಡ ಸಂಗ್ರಹ ಇಟ್ಟುಕೊಂಡವರಿಗೆ ಮೊದಲ ವಾರವೇ ತಲೆನೋವು ತರುವುದು ಚಿಪ್ಪಲ್ಲ. ಪರದೆಯ ಮೇಲೆ ಹಾಡಿನ ಹೆಸರಿನ ಜಾಗದಲ್ಲಿ ಸಾಲಾಗಿ ನಿಂತ ಚೌಕಗಳು, ರಾಗದ ನಡುವೆ ಕೇಳುವ ‘ಟಿಕ್’, ಐದು ಗಂಟೆಯ ತಾಳಮದ್ದಳೆಯನ್ನು ಪ್ರತಿ ಸಲವೂ ಮೊದಲಿನಿಂದ ಶುರುಮಾಡುವ ಮರೆಗುಳಿತನ, ತಲೆನೋವು ಇವು.

ಅಳತೆಗೋಲುಗಳು

ಜಾಗದ ಲೆಕ್ಕ ಮೊದಲು. ಸಿಡಿಯ ಧ್ವನಿ ಸೆಕೆಂಡಿಗೆ 1411 ಕಿಲೋಬಿಟ್, ಅಂದರೆ ನಿಮಿಷಕ್ಕೆ ಸುಮಾರು 10 ಎಂಬಿ. ಅದನ್ನೇ ಏನೂ ಕಳೆದುಕೊಳ್ಳದೆ ಎಫ್‌ಎಲ್‌ಎಸಿ (ಫ್ಲಾಕ್) ಮಾಡಿದರೆ ಅರ್ಧಕ್ಕೋ ಅದಕ್ಕಿಂತ ತುಸು ಹೆಚ್ಚಿಗೋ ಇಳಿಯುತ್ತದೆ. 320 ಕೆಬಿಪಿಎಸ್ ಎಂಪಿ3 ಆದರೆ ನಿಮಿಷಕ್ಕೆ 2.4 ಎಂಬಿ, ಐದು ನಿಮಿಷದ ಹಾಡಿಗೆ 12 ಎಂಬಿ. 128 ಜಿಬಿ ಕಾರ್ಡು ಕಂಪ್ಯೂಟರಿನಲ್ಲಿ 119 ಎಂದು ತೋರಿಸುತ್ತದೆ. ಅದು ಮೋಸವಲ್ಲ, ಎಣಿಸುವ ರೀತಿ ಬೇರೆ, ಅಷ್ಟೆ. ಅದರಲ್ಲಿ 320ರ ಹಾಡುಗಳು ಹತ್ತು ಸಾವಿರ, ಫ್ಲಾಕ್ ಆದರೆ ನಾಲ್ಕು ಸಾವಿರ ಹಿಡಿಯುತ್ತವೆ. ಬಹುಪಾಲು ಮನೆಗಳ ಸಂಗ್ರಹಕ್ಕೆ ಇಷ್ಟು ಸಾಕು. 1 ಟಿಬಿ ಎಂಬ ಜಾಹೀರಾತಿಗೆ ಮರುಳಾಗಬೇಡಿ.

ಎರಡನೆಯದು ಅಕ್ಷರ. ಕನ್ನಡ ತೋರಿಸಲು ಫಾಂಟ್ ಒಂದಿದ್ದರೆ ಸಾಲದು. ಒತ್ತಕ್ಷರ, ಕೊಂಬು, ದೀರ್ಘಗಳನ್ನು ಮೂಲಾಕ್ಷರಕ್ಕೆ ಅಂಟಿಸುವ ತಂತ್ರಾಂಶವೂ ಒಳಗಿರಬೇಕು. ಫಾಂಟ್ ಇಲ್ಲದಿದ್ದರೆ ಚೌಕ ಬರುತ್ತದೆ. ಫಾಂಟ್ ಇದ್ದು ಜೋಡಣೆ ಇಲ್ಲದಿದ್ದರೆ ‘ಸ್ವಾತಂತ್ರ್ಯ’ದ ಒತ್ತುಗಳೆಲ್ಲ ಬಿಡಿಬಿಡಿಯಾಗಿ ಚೆಲ್ಲಾಡುತ್ತವೆ.

ಮೂರನೆಯದು ಗ್ಯಾಪ್‌ಲೆಸ್, ಅಂದರೆ ಒಂದು ಫೈಲಿನಿಂದ ಮುಂದಿನದಕ್ಕೆ ಬಿರುಕಿಲ್ಲದೆ ಹೋಗುವುದು. ಚಿತ್ರಗೀತೆ ಮಾತ್ರ ಕೇಳುವವರಿಗೆ ಇದರ ಹಂಗಿಲ್ಲ. ಆದರೆ ಸಂಗೀತ ಕಚೇರಿಯ ಸಿಡಿಗಳಲ್ಲಿ ಆಲಾಪನೆ, ತಾನ, ಪಲ್ಲವಿ ಬೇರೆಬೇರೆ ಟ್ರ್ಯಾಕ್ ಆಗಿದ್ದರೂ ತಂಬೂರಿ ನಿಲ್ಲದೆ ಹರಿಯುತ್ತಿರುತ್ತದೆ. ಎಂಪಿ3 ಮಾಡುವಾಗ ಎನ್‌ಕೋಡರ್ ಫೈಲಿನ ಆದಿಯಲ್ಲೂ ಅಂತ್ಯದಲ್ಲೂ ಚೂರು ಮೌನ ಸೇರಿಸುತ್ತದೆ. ಎಷ್ಟು ಸೇರಿಸಿದೆ ಎಂಬುದನ್ನು ಲೇಮ್ ಎನ್‌ಕೋಡರ್ ಫೈಲಿನ ತಲೆಬರಹದಲ್ಲಿ ಬರೆದಿಡುತ್ತದೆ. ಅದನ್ನು ಓದಿ ಕತ್ತರಿಸುವ ಪ್ಲೇಯರಿನಲ್ಲಿ ತಂಬೂರಿ ಅಖಂಡ. ಓದದ ಪ್ಲೇಯರಿನಲ್ಲಿ ಶ್ರುತಿ ಕಡಿದು ಮತ್ತೆ ಹತ್ತುತ್ತದೆ. ಫ್ಲಾಕ್‌ಗೆ ಈ ಪಾಡಿಲ್ಲ, ಆದರೆ ಅಗ್ಗದ ಪ್ಲೇಯರ್ ಮುಂದಿನ ಫೈಲು ತೆರೆಯಲು ತೆಗೆದುಕೊಳ್ಳುವ ಹೊತ್ತು ಅಲ್ಲಿಯೂ ಕೇಳಿಸುತ್ತದೆ.

ನಾಲ್ಕನೆಯದು ನೆನಪು. ತಾಳಮದ್ದಳೆ, ಹರಿಕಥೆ, ಪ್ರವಚನ ಕೇಳುವವರಿಗೆ ನಿಲ್ಲಿಸಿದ ಜಾಗ ನೆನಪಿಡುವ ಬುಕ್‌ಮಾರ್ಕ್ ಬೇಕೇಬೇಕು. ಕೊನೆಯ ಹಾಡನ್ನು ಮಾತ್ರ ನೆನಪಿಟ್ಟುಕೊಳ್ಳುವ ‘ರೆಸ್ಯೂಮ್’ ಬೇರೆ, ಪ್ರತಿ ಫೈಲಿಗೂ ಜಾಗ ಗುರುತಿಡುವ ಬುಕ್‌ಮಾರ್ಕ್ ಬೇರೆ. ಪೆಟ್ಟಿಗೆಯ ಮೇಲೆ ಎರಡಕ್ಕೂ ಒಂದೇ ಹೆಸರು ಬರೆದಿರುತ್ತಾರೆ.

ಐದನೆಯದು ಯಾವುದರಲ್ಲಿ ಕೇಳುತ್ತೀರಿ ಎಂಬುದು. ಬ್ಲೂಟೂತ್ ಇಯರ್‌ಬಡ್ ಮಾತ್ರ ಬಳಸುವವರಾದರೆ ಪ್ಲೇಯರಿನ ಡಿಎಸಿಗೆ ಕೊಟ್ಟ ಹಣ ನೀರಿನಲ್ಲಿ ಹೋಮ. ಡಿಜಿಟಲ್ ಸಂಕೇತ ಧ್ವನಿಯಾಗುವುದು ಆಗ ಇಯರ್‌ಬಡ್ಡಿನೊಳಗಿನ ಚಿಪ್ಪಿನಲ್ಲಿ, ಪ್ಲೇಯರಿನಲ್ಲಲ್ಲ. ತಂತಿಯ ಒಳ್ಳೆಯ ಹೆಡ್‌ಫೋನ್ ಇದ್ದರೆ ಮಾತ್ರ ಆ ಮಾತು ಎತ್ತಬೇಕು.

ಕೊಳ್ಳುವ ಮೊದಲು ಒಂದು ಮೈಕ್ರೊಎಸ್‌ಡಿ ಕಾರ್ಡಿಗೆ ಪರೀಕ್ಷೆಯ ಫೈಲು ತುಂಬಿಕೊಳ್ಳಿ: ಒತ್ತಕ್ಷರ ತುಂಬಿದ ಕನ್ನಡ ಹೆಸರಿನದೊಂದು, ತಂಬೂರಿ ಕಡಿಯದೆ ಮುಂದುವರಿಯುವ ಎರಡು ಟ್ರ್ಯಾಕ್, ಎರಡು ಗಂಟೆಗೂ ಉದ್ದದ ಎಂಪಿ3, ಒಂದು ಫ್ಲಾಕ್, ಮೆಲುದನಿಯ ಹಳೆ ಕ್ಯಾಸೆಟ್ ಪ್ರತಿಯೊಂದು, ಅಬ್ಬರದ ಹೊಸ ಚಿತ್ರಗೀತೆಯೊಂದು. ಅಂಗಡಿಯಲ್ಲಿ ಹತ್ತು ನಿಮಿಷ ಸಾಕು. ಆನ್‌ಲೈನ್ ಖರೀದಿಯಾದರೆ ವಾಪಸಾತಿಯ ದಿನಗಳು ಮುಗಿಯುವುದರೊಳಗೆ ಇದನ್ನು ಮುಗಿಸಿ.

ಕೈಯಲ್ಲಿರುವ ಫೋನು, ಡ್ರಾಯರಿನಲ್ಲಿರುವ ಫೋನು

ಹೆಚ್ಚಿನವರಿಗೆ ಉತ್ತರ ಇಲ್ಲಿಯೇ ಇದೆ. ಆಂಡ್ರಾಯ್ಡ್ ಫೋನು ಕನ್ನಡವನ್ನು ಸರಿಯಾಗಿ ಬರೆಯುತ್ತದೆ, ಒಳ್ಳೆಯ ಆ್ಯಪ್ ಹಾಕಿದರೆ ಗ್ಯಾಪ್‌ಲೆಸ್ ಕೊಡುತ್ತದೆ, ಫೋಲ್ಡರಿನ ಪ್ರಕಾರವೂ ತೋರಿಸುತ್ತದೆ. ಇಂಟರ್ನೆಟ್ ಕೇಳದೆ ಇದ್ದ ಫೈಲನ್ನಷ್ಟೇ ನುಡಿಸುವ ಮ್ಯೂಸಿಕೊಲೆಟ್ ಉಚಿತ. ದುಡ್ಡು ಕೊಟ್ಟು ಕೊಳ್ಳುವುದಾದರೆ ಪವರ್‌ಆ್ಯಂಪ್. ಉದ್ದದ ಫೈಲುಗಳಿಗೆ ವಿಎಲ್‌ಸಿ ಅನುಕೂಲ, ಬಿಟ್ಟ ಜಾಗದಿಂದ ಮುಂದುವರಿಸುವ ಆಯ್ಕೆ ಸೆಟ್ಟಿಂಗಿನಲ್ಲಿದೆ.

ಜ್ಯಾಕ್ ಇಲ್ಲದ ಫೋನಿಗೆ ಟೈಪ್-ಸಿ ಡಾಂಗಲ್ (ಚಾರ್ಜಿನ ತೂತಿಗೆ ಚುಚ್ಚಿ ಇಯರ್‌ಫೋನ್ ಸೇರಿಸುವ ತುಂಡು ತಂತಿ) ಸಾಕು. ಸಾವಿರದ ಆಸುಪಾಸಿನದೇ ಸಾಮಾನ್ಯ ಇಯರ್‌ಫೋನಿಗೆ ಧಾರಾಳ. ಆದರೆ ಮೂರು ತೊಡಕಿವೆ. ಆ್ಯಪಲ್ ಡಾಂಗಲನ್ನು ಆಂಡ್ರಾಯ್ಡ್ ಫೋನಿಗೆ ಹಾಕಿದರೆ ದನಿ ಪೂರ್ತಿ ಏರದೆ ಸಣ್ಣಗೆ ಕೇಳುವುದುಂಟು. ಡಾಂಗಲ್ ಹಾಕಿದ್ದಾಗ ಚಾರ್ಜ್ ಮಾಡಲಾಗದು. ಜೇಬಿನಲ್ಲಿ ಬಾಗಿಬಾಗಿ ತಂತಿಯ ಬುಡ ಮೊದಲು ಸಾಯುತ್ತದೆ, ಹಾಗಾಗಿ ತಂತಿ ಬಿಚ್ಚಿ ಬದಲಿಸಬಹುದಾದ ಮಾದರಿ ನೋಡಿ.

ಡ್ರಾಯರಿನಲ್ಲಿ ಮಲಗಿರುವ ಹಳೆ ಫೋನಿಗೆ ಜ್ಯಾಕೂ ಕಾರ್ಡಿನ ಜಾಗವೂ ಇದ್ದರೆ ಅದೇ ಪ್ಲೇಯರ್. ಸಿಮ್ ತೆಗೆದು, ಫ್ಯಾಕ್ಟರಿ ರಿಸೆಟ್ ಮಾಡಿ, ಏರ್‌ಪ್ಲೇನ್ ಮೋಡಿಗೆ ಹಾಕಿ, ಪ್ಲೇಯರ್ ಆ್ಯಪಿನ ಬ್ಯಾಟರಿ ನಿರ್ಬಂಧ ತೆಗೆಯಿರಿ. ಇಲ್ಲದಿದ್ದರೆ ಪರದೆ ಆರಿದ ಹತ್ತು ನಿಮಿಷಕ್ಕೆ ಹಾಡೂ ಆರುತ್ತದೆ. ಹಿಂಬದಿ ಉಬ್ಬಿದ್ದರೆ, ಪರದೆಯ ಅಂಚು ಎದ್ದಿದ್ದರೆ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಅದನ್ನು ಚಾರ್ಜಿಗೆ ಹಾಕದೆ ರಿಪೇರಿಯವರಿಗೆ ಕೊಡಿ.

ಐಫೋನಿನವರಿಗೆ ಕಾರ್ಡಿನ ದಾರಿಯಿಲ್ಲ. ಅದರ ಮ್ಯೂಸಿಕ್ ಆ್ಯಪಿನ ಸಂಗ್ರಹಕ್ಕೆ ಫ್ಲಾಕ್ ಸೇರುವುದೂ ಇಲ್ಲ, ಆ್ಯಪಲಿನದೇ ನಷ್ಟವಿಲ್ಲದ ರೂಪವಾದ ಎಎಲ್‌ಎಸಿ ಮಾಡಿ ಸೇರಿಸಬೇಕು. ಫ್ಲಾಕನ್ನೇ ಇಟ್ಟುಕೊಳ್ಳುವುದಾದರೆ ವಿಎಲ್‌ಸಿ ಅಥವಾ ಫೂಬಾರ್2000 ಹಾಕಿಕೊಳ್ಳಿ.

ಗುಂಡಿಗಳ ಪುಟ್ಟ ಪ್ಲೇಯರ್

ಒಂದೂವರೆ ಸಾವಿರದಿಂದ ನಾಲ್ಕು ಸಾವಿರದವರೆಗಿನ, ಅಂಗಿಗೆ ಸಿಕ್ಕಿಸುವ ಪ್ಲೇಯರುಗಳಿಗೆ ಒಂದು ದೊಡ್ಡ ಗುಣವಿದೆ: ನೋಡದೆಯೇ ಬೆರಳಿನಲ್ಲಿ ಹಾಡು ಬದಲಿಸಬಹುದು. ತೋಟದ ಕೆಲಸ, ಅಡುಗೆಮನೆ, ಬೆಳಗಿನ ನಡಿಗೆಗೆ ಇದಕ್ಕಿಂತ ಹಗುರವಾದದ್ದಿಲ್ಲ. ಮಿಕ್ಕೆಲ್ಲದರಲ್ಲಿ ರಾಜಿ. ಕನ್ನಡ ಅಕ್ಷರದ ಆಸೆ ಬಿಟ್ಟು ಫೈಲಿನ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲೇ ಇಡಬೇಕು. ಗ್ಯಾಪ್‌ಲೆಸ್ ಅಪರೂಪ. ಹಲವು ಮಾದರಿಗಳು ಇಷ್ಟೇ ಫೈಲು ಎಂದು ಮಿತಿ ಹಾಕಿಕೊಂಡಿರುತ್ತವೆ. ಕಾರ್ಡಿನಲ್ಲಿ ಜಾಗವಿದ್ದರೂ ಅದರಾಚೆಯವು ಕಾಣುವುದೇ ಇಲ್ಲ. ಹಾಗಾಗಿ ಇದಕ್ಕೆ ಇಡೀ ಸಂಗ್ರಹ ಸುರಿಯಬೇಡಿ. ಆರಿಸಿದ ಮುನ್ನೂರು ಹಾಡು ಹಾಕಿ, ತಿಂಗಳಿಗೊಮ್ಮೆ ಬದಲಿಸಿ.

ಮನೆಯ ಹಿರಿಯರಿಗೆ ಕಾರವಾನ್ ತರಹದ, ಹಾಡು ತುಂಬಿಯೇ ಬರುವ ರೇಡಿಯೊ ಪೆಟ್ಟಿಗೆ ಬೇರೆಯದೇ ಲೆಕ್ಕ. ಹಿಂದಿ ಮಾದರಿಯಲ್ಲಿ 5000 ಹಾಡು ಎಂಬ ಅಂಕಿ ಎಲ್ಲರಿಗೂ ಗೊತ್ತು. ಆದರೆ ಭಾಷೆಯಿಂದ ಭಾಷೆಗೆ, ಮಾದರಿಯಿಂದ ಮಾದರಿಗೆ ಪಟ್ಟಿ ಬೇರೆ. ಸಂಖ್ಯೆ ನೋಡಿ ಕೊಳ್ಳದೆ ಹಾಡಿನ ಪಟ್ಟಿ ತರಿಸಿಕೊಂಡು, ಅಪ್ಪನೋ ಅಜ್ಜಿಯೋ ಗುನುಗುವ ಹತ್ತು ಹಾಡು ಅದರಲ್ಲಿ ಇವೆಯೇ ನೋಡಿ. ಒಳಗಿನ ಹಾಡುಗಳಿಗೆ ನಾವು ಏನನ್ನೂ ಸೇರಿಸಲಾಗದು. ನಮ್ಮದನ್ನು ಪೆನ್‌ಡ್ರೈವಿನಲ್ಲಿ ಕೊಡಬೇಕು. ತಿರುಗಿಸುವ ಗುಂಡಿ, ಸ್ವಂತ ಸ್ಪೀಕರ್, ರೇಡಿಯೊ ಮೂರೂ ಬೇಕಿದ್ದವರಿಗೆ ಇದು ಸರಿ.

ಸೆಕೆಂಡ್‌ಹ್ಯಾಂಡ್ ಐಪಾಡ್

ಐಪಾಡ್ ಬಂದದ್ದು 2001ರಲ್ಲಿ, ಚಕ್ರ ತಿರುಗಿಸುವ ಕ್ಲಾಸಿಕ್ ನಿಂತದ್ದು 2014ರಲ್ಲಿ, ಕೊನೆಯ ಐಪಾಡ್ ಟಚ್ ನಿಂತದ್ದು 2022ರಲ್ಲಿ. ಅಂದರೆ ಈಗ ಸಿಗುವ ಕ್ಲಾಸಿಕ್ ಯಾವುದೂ ಹತ್ತು ವರ್ಷಕ್ಕಿಂತ ಹೊಸದಲ್ಲ. ಒಳಗಿರುವುದು ತಿರುಗುವ ಹಾರ್ಡ್ ಡಿಸ್ಕ್. ಕಿವಿಗೆ ಹಿಡಿದಾಗ ‘ಟಿಕ್ ಟಿಕ್’ ಎಂದರೆ ಅದರ ಆಯುಸ್ಸು ಮುಗಿದಿದೆ. ಇದನ್ನು ಇಷ್ಟಪಡುವವರು ಡಿಸ್ಕ್ ತೆಗೆದು ಐಫ್ಲ್ಯಾಶ್ ಬೋರ್ಡಿನ ಮೇಲೆ ಎಸ್‌ಡಿ ಕಾರ್ಡ್ ಕೂರಿಸಿ, ಹೊಸ ಬ್ಯಾಟರಿ ಹಾಕಿ, ರಾಕ್‌ಬಾಕ್ಸ್ ಎಂಬ ಮುಕ್ತ ತಂತ್ರಾಂಶ ತುಂಬುತ್ತಾರೆ. ಆಗ ಐಟ್ಯೂನ್ಸ್ ಬೇಡ. ಪೆನ್‌ಡ್ರೈವಿಗೆ ಹಾಕಿದಂತೆ ಫೋಲ್ಡರ್ ಎಳೆದು ಹಾಕಬಹುದು. ಫ್ಲಾಕ್, ಗ್ಯಾಪ್‌ಲೆಸ್, ಬುಕ್‌ಮಾರ್ಕ್, ದನಿ ಸಮ ಮಾಡುವ ರೀಪ್ಲೇಗೇನ್ ಎಲ್ಲವೂ ಸಿಗುತ್ತವೆ. ಕಚೇರಿ, ತಾಳಮದ್ದಳೆ ಕೇಳುವವರ ಕನಸಿನ ಪ್ಲೇಯರ್ ಎನ್ನಬೇಕು, ಒಂದು ಕೊರತೆ ಬಿಟ್ಟು: ರಾಕ್‌ಬಾಕ್ಸಿಗೆ ಕನ್ನಡದ ಒತ್ತಕ್ಷರ ಜೋಡಿಸಲು ಬಾರದು. ಫಾಂಟ್ ಹಾಕಿದರೂ ಅಕ್ಷರಗಳು ಬಿಡಿಯಾಗಿಯೇ ನಿಲ್ಲುತ್ತವೆ. ಟ್ಯಾಗುಗಳನ್ನು (ಫೈಲಿನೊಳಗೆ ಬರೆದಿಡುವ ಹಾಡು, ಗಾಯಕರು, ಆಲ್ಬಮಿನ ಹೆಸರುಗಳನ್ನು) ಇಂಗ್ಲಿಷ್ ಲಿಪಿಯಲ್ಲಿ ಇಡಲು ಒಪ್ಪುವವರಿಗೆ ಮಾತ್ರ ಇದು. ಬ್ಲೂಟೂತ್ ಕೂಡ ಇಲ್ಲ.

ಸ್ವತಃ ಬಿಚ್ಚುವವರು ಕ್ಲಾಸಿಕ್ ಎಂಬ ಹೆಸರಿನವನ್ನು ಬಿಟ್ಟು 2006ರ ಐದೂವರೆ ತಲೆಮಾರಿನದನ್ನು ಹುಡುಕಿ. ಅದರ ಮುಂಬದಿ ಪ್ಲಾಸ್ಟಿಕ್, ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿದರೆ ಬಾಯಿ ಬಿಡುತ್ತದೆ. ಕ್ಲಾಸಿಕ್‌ಗೆ ಹಿಂದೆ-ಮುಂದೆ ಎರಡೂ ಲೋಹ. ಬಿಚ್ಚುವಷ್ಟರಲ್ಲಿ ಅಂಚು ಸೊಟ್ಟಗಾಗುವುದು ಹೆಚ್ಚುಕಡಿಮೆ ಖಚಿತ. ಎಲ್ಲದರಲ್ಲೂ ಹಾಳಾಗುವುದು ಒಂದೇ ಜಾಗ: ಬ್ಯಾಟರಿ ಮತ್ತು ಡಿಸ್ಕಿನ ರಿಬ್ಬನ್ ಹಿಡಿದಿರುವ ಪುಟ್ಟ ಚಿಲಕ. ಅದನ್ನು ಎಳೆಯಬಾರದು, ಉಗುರಿನಿಂದ ಮೇಲೆತ್ತಬೇಕು.

ಡಿಎಪಿ, ಅಂದರೆ ಹಾಡಿಗೆಂದೇ ಮಾಡಿದ ಹೊಸ ಪ್ಲೇಯರ್

ಇದರಲ್ಲಿ ಎರಡು ಜಾತಿ. ಆಂಡ್ರಾಯ್ಡ್ ಇರುವವು ಒಂದು, ಕಂಪನಿಯ ಸ್ವಂತ ತಂತ್ರಾಂಶ ಇರುವವು ಇನ್ನೊಂದು. ಫೀಯೊ, ಹೈಬಿ, ಶಾನ್‌ಲಿಂಗ್ ಕಂಪನಿಗಳು ಎರಡನ್ನೂ ಮಾಡುತ್ತವೆ. ಸ್ವಂತ ತಂತ್ರಾಂಶದವು ಚಿಕ್ಕವು, ಅಗ್ಗ, ಥಟ್ಟನೆ ತೆರೆದುಕೊಳ್ಳುತ್ತವೆ. ಆದರೆ ಕನ್ನಡ ಅಕ್ಷರದ ಪರೀಕ್ಷೆ ಮಾಡದೆ ಕೊಳ್ಳಬಾರದ ಗುಂಪು ಇದು. ಆಂಡ್ರಾಯ್ಡಿನವು ಫೋನಿನಷ್ಟೇ ಚೆನ್ನಾಗಿ ಕನ್ನಡ ತೋರಿಸುತ್ತವೆ, ಬೇಕಾದ ಆ್ಯಪ್ ಹಾಕಿಕೊಳ್ಳಬಹುದು. ಸೋನಿಯ ಎನ್‌ಡಬ್ಲ್ಯು-ಎ306 ಈ ಬಗೆಯದು: 3.5 ಎಂಎಂ ಜ್ಯಾಕ್, ಮೈಕ್ರೊಎಸ್‌ಡಿ ಜಾಗ, ಬದಿಯಲ್ಲಿ ಗುಂಡಿಗಳು. ಒಳಗಿನ 32 ಜಿಬಿಯಲ್ಲಿ ಒಳ್ಳೆಯ ಪಾಲು ಆಂಡ್ರಾಯ್ಡಿಗೇ ಹೋಗುವುದರಿಂದ ಕಾರ್ಡು ಅನಿವಾರ್ಯ. ಈ ದರ್ಜೆಯವಕ್ಕೆಲ್ಲ ಇಪ್ಪತ್ತು-ಮೂವತ್ತು ಸಾವಿರ ತೆಗೆದಿಡಬೇಕು.

ಅಷ್ಟು ಕೊಟ್ಟು ಏನು ಸಿಗುತ್ತದೆ? ಫೋನಿಗಿಂತ ಹಗುರವಾದ, ಕರೆ ಬಾರದ, ತಂತಿಯ ಹೆಡ್‌ಫೋನಿಗೆ ಹೆಚ್ಚು ಬಲ ಕೊಡುವ ವಸ್ತು. ಐದು ಸಾವಿರಕ್ಕಿಂತ ಕಡಿಮೆಯ ಇಯರ್‌ಫೋನ್ ಬಳಸುವವರು ಆ ಹಣದಲ್ಲಿ ಮೊದಲು ಇಯರ್‌ಫೋನ್ ಬದಲಿಸಲಿ. ಕಿವಿಗೆ ತಿಳಿಯುವ ವ್ಯತ್ಯಾಸ ಅಲ್ಲಿದೆ. 1970ರ ದಶಕದ ಚಿತ್ರಗೀತೆಯ ಕ್ಯಾಸೆಟ್ ಪ್ರತಿಯನ್ನು 192 ಕಿಲೋಹರ್ಟ್ಸ್ ಪ್ಲೇಯರಿನಲ್ಲಿ ಹಾಕಿದರೆ ಟೇಪಿನ ‘ಸ್ಸ್’ ಇನ್ನಷ್ಟು ಸ್ಪಷ್ಟವಾಗಿ ಕೇಳುತ್ತದೆ, ಅಷ್ಟೇ ಲಾಭ. ಮರೆಯಬಾರದ ಇನ್ನೊಂದು ಮಾತು ದುರಸ್ತಿ. ಬ್ಯಾಟರಿ ಮೂರ್ನಾಲ್ಕು ವರ್ಷಕ್ಕೆ ಸೋಲುತ್ತದೆ. ಭಾರತದಲ್ಲಿ ಸರ್ವಿಸ್ ಇಲ್ಲದ ಕಂಪನಿಯದಾದರೆ ಅದು ಅಲ್ಲಿಗೆ ಮುಗಿಯಿತು.

ಕಾರ್ಡು ಕೊಳ್ಳುವಾಗ ನಕಲಿಯ ಕಾಟ ಎಲ್ಲ ಪ್ಲೇಯರಿಗೂ ಒಂದೇ. 32 ಜಿಬಿಯ ಚಿಪ್ಪಿಗೆ 512 ಎಂದು ಸುಳ್ಳು ಬರೆದು ಮಾರುತ್ತಾರೆ. ಮೊದಲ 32 ಜಿಬಿ ಸರಿಯಾಗಿಯೇ ಹೋಗಿ, ಆಮೇಲಿನದೆಲ್ಲ ಮಾಯವಾಗುತ್ತದೆ. ಹಾಡು ತುಂಬುವ ಮೊದಲೇ ವಿಂಡೋಸಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್-ಮ್ಯಾಕಿನಲ್ಲಿ ಎಫ್3 ಓಡಿಸಿ, ಪೂರ್ತಿ ಬರೆದು ಪೂರ್ತಿ ಓದಿಸಿ.

ಸಂಗ್ರಹವನ್ನು ಜೋಡಿಸುವುದು

ಯಾವ ಪ್ಲೇಯರ್ ಕೊಂಡರೂ ಈ ಕೆಲಸ ತಪ್ಪಿದ್ದಲ್ಲ. ಮೊದಲು ಇಡೀ ಸಂಗ್ರಹದ ಪ್ರತಿ ಮಾಡಿ, ಪ್ರತಿಯ ಮೇಲಷ್ಟೇ ಕೈಯಾಡಿಸಿ. ನಂತರ ಜಳ್ಳು ಬೇರ್ಪಡಿಸಿ. ‘320’ ಎಂದು ಬರೆದುಕೊಂಡ ಎಷ್ಟೋ ಫೈಲು 128 ಕೆಬಿಪಿಎಸ್ಸಿನದನ್ನೇ ಮತ್ತೆ ಹಿಗ್ಗಿಸಿದವು. ಸ್ಪೆಕ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದರೆ ಧ್ವನಿಯ ಚಿತ್ರ ಕಾಣುತ್ತದೆ: ನಿಜವಾದ 320ರಲ್ಲಿ ಬಣ್ಣ ಸುಮಾರು 20 ಕಿಲೋಹರ್ಟ್ಸ್ ತನಕ ಏರುತ್ತದೆ, 128ರಿಂದ ಹಿಗ್ಗಿಸಿದ್ದು 16ರ ಹತ್ತಿರ ಕತ್ತರಿಸಿದಂತೆ ನಿಲ್ಲುತ್ತದೆ. ಹಳೆ ಕ್ಯಾಸೆಟ್ ಪ್ರತಿಗಳಿಗೆ ಈ ಪರೀಕ್ಷೆ ಹಚ್ಚಬೇಡಿ, ಅವುಗಳ ಮೂಲದಲ್ಲೇ ಮೇಲಿನ ಸ್ವರ ಇರುವುದಿಲ್ಲ. ಮನೆಯಲ್ಲಿ ಆ ಸಿಡಿ ಇದ್ದರೆ ಎಕ್ಸಾಕ್ಟ್ ಆಡಿಯೊ ಕಾಪಿಯಿಂದ ಫ್ಲಾಕ್ ಆಗಿ ತೆಗೆದಿಡಿ. ಎಂಪಿ3ಯನ್ನು ಫ್ಲಾಕ್ ಮಾಡುವುದು ಮಾತ್ರ ವ್ಯರ್ಥ. ಜಾಗ ತಿನ್ನುತ್ತದೆ, ಹೋದದ್ದು ಬರುವುದಿಲ್ಲ.

ಟ್ಯಾಗ್ ತಿದ್ದಲು ಎಂಪಿ3ಟ್ಯಾಗ್, ಲಿನಕ್ಸಿನಲ್ಲಿ ಕಿಡ್3. ಎಂಪಿ3ಟ್ಯಾಗಿನ ಆಯ್ಕೆಗಳಲ್ಲಿ ಬರೆಯುವ ರೂಪವನ್ನು ‘ಐಡಿ3ವಿ2.3 ಯುಟಿಎಫ್-16’ಕ್ಕೆ ಇಡಿ. ಹಳೆ ಕಾರು, ಹಳೆ ಪ್ಲೇಯರುಗಳು 2.4ನ್ನು ಓದಲು ತಡವರಿಸುತ್ತವೆ; ಐಡಿ3ವಿ1ರಲ್ಲಿ 30 ಅಕ್ಷರದ ಮಿತಿ, ಕನ್ನಡ ಹಿಡಿಸುವುದೂ ಇಲ್ಲ. 2000ದ ದಶಕದ ಕೆಲವು ಸಿಡಿಗಳ ಫೈಲುಗಳಲ್ಲಿ ಹೆಸರುಗಳು ಕೊಕ್ಕೆ-ಚುಕ್ಕೆ ಹೊತ್ತ ಯುರೋಪಿಯನ್ ಅಕ್ಷರಗಳ ಕಲಸುಮೇಲೋಗರದಂತೆ ಕಂಡರೆ ಗಾಬರಿಯಾಗಬೇಡಿ. ಅದು ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆ ಫಾಂಟಿನಲ್ಲಿ ಬರೆದದ್ದು. ಆ ಪಠ್ಯವನ್ನು ಎತ್ತಿ ಯುನಿಕೋಡ್ ಪರಿವರ್ತಕಕ್ಕೆ ಹಾಕಿ, ಬಂದದ್ದನ್ನು ಮತ್ತೆ ಅಂಟಿಸಿ.

ಅಂತರ್ಜಾಲದಿಂದ ತಾನಾಗಿ ಟ್ಯಾಗ್ ತುಂಬುವ ತಂತ್ರಾಂಶಗಳು ಕನ್ನಡಕ್ಕೆ ಅಷ್ಟಾಗಿ ಒದಗುವುದಿಲ್ಲ. ಕೈಯಿಂದಲೇ ತುಂಬುವುದಾದರೆ ಚಿತ್ರಗೀತೆಗೆ ಹೀಗಿರಲಿ: ಆರ್ಟಿಸ್ಟ್ ಜಾಗದಲ್ಲಿ ಗಾಯಕರು, ಆಲ್ಬಮ್ ಜಾಗದಲ್ಲಿ ಚಿತ್ರದ ಹೆಸರು, ಆಲ್ಬಮ್ ಆರ್ಟಿಸ್ಟ್ ಮತ್ತು ಕಂಪೋಸರ್ ಎರಡರಲ್ಲೂ ಸಂಗೀತ ನಿರ್ದೇಶಕರು. ಆಲ್ಬಮ್ ಆರ್ಟಿಸ್ಟ್ ಖಾಲಿ ಬಿಟ್ಟರೆ ಆರು ಹಾಡಿನ ಒಂದು ಚಿತ್ರ ಪಿ.ಬಿ. ಶ್ರೀನಿವಾಸ್ ಅವರದೊಂದು, ಎಸ್. ಜಾನಕಿ ಅವರದೊಂದು, ಇಬ್ಬರೂ ಸೇರಿದ್ದು ಇನ್ನೊಂದು ಎಂದು ಮೂರು ಚೂರಾಗಿ ಕಾಣುತ್ತದೆ. ವರ್ಷ ಎಂದರೆ ಚಿತ್ರ ಬಿಡುಗಡೆಯಾದ ವರ್ಷ, ಸಿಡಿ ಬಂದದ್ದಲ್ಲ. ಒಂದೇ ಹೆಸರಿನ ಎರಡು ಚಿತ್ರಗಳಿದ್ದರೆ ಆಲ್ಬಮ್ ಹೆಸರಿನ ಮುಂದೆಯೇ ವರ್ಷ ಸೇರಿಸಿ.

ಭಾವಗೀತೆ, ದಾಸರ ಪದ, ವಚನಗಳಿಗೆ ಈ ಕ್ರಮ ಒಗ್ಗುವುದಿಲ್ಲ. ಅಲ್ಲಿ ಜನ ಹುಡುಕುವುದು ಕವಿಯನ್ನು. ಬೇಂದ್ರೆ, ಕೆ.ಎಸ್. ನರಸಿಂಹಸ್ವಾಮಿ, ಪುರಂದರದಾಸ, ಬಸವಣ್ಣ ಎಂಬ ಹೆಸರುಗಳು ಕಂಪೋಸರ್ ಜಾಗದಲ್ಲಿರಲಿ. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರಂತಹ ರಾಗ ಸಂಯೋಜಕರ ಹೆಸರು ಕಾಮೆಂಟಿಗೆ ಹೋಗಲಿ. ಲಿರಿಸಿಸ್ಟ್ ಎಂಬ ಬೇರೆ ಜಾಗವೇ ಇದೆಯಲ್ಲ ಎನ್ನಬಹುದು. ಇದೆ, ಆದರೆ ಹೆಚ್ಚಿನ ಪ್ಲೇಯರುಗಳು ಅದನ್ನು ತೋರಿಸುವುದಿಲ್ಲ. ನಿಯಮಕ್ಕೆ ಇದು ಸರಿಯಲ್ಲದಿರಬಹುದು, ಬಳಕೆಗೆ ಸರಿ. ಶಾಸ್ತ್ರೀಯಕ್ಕೆ ಶೀರ್ಷಿಕೆಯಲ್ಲೇ ಕೃತಿ, ರಾಗ, ತಾಳ ಈ ಕ್ರಮದಲ್ಲಿ ಬರೆದರೆ ರಾಗದ ಹೆಸರಿನಿಂದ ಹುಡುಕಿದರೂ ಸಿಗುತ್ತದೆ.

ಕನ್ನಡ ಲಿಪಿಯಲ್ಲಿ ಟ್ಯಾಗ್ ಬರೆಯುವವರಿಗೆ ಕಣ್ಣಿಗೆ ಕಾಣದ ಶತ್ರುವೊಂದಿದೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ್ ಮತ್ತು ಕು ಒತ್ತಾಗಿ ಸೇರದಂತೆ ತಡೆಯಲು ನಡುವೆ ಒಂದು ಅಗೋಚರ ಚಿಹ್ನೆ ಇರುತ್ತದೆ. ಒಬ್ಬರು ಅದನ್ನು ಹಾಕುತ್ತಾರೆ, ಇನ್ನೊಬ್ಬರು ಜಾಗ ಬಿಡುತ್ತಾರೆ, ಮತ್ತೊಬ್ಬರು ‘ರಾಜಕುಮಾರ್’ ಎಂದೇ ಬರೆಯುತ್ತಾರೆ. ಪ್ಲೇಯರಿಗೆ ಇವರು ಮೂರು ಜನ. ‘ಎಸ್.ಪಿ.’ ನಂತರ ಒಂದು ಜಾಗ ಬಿಟ್ಟರೂ ಹೊಸ ಗಾಯಕ ಹುಟ್ಟುತ್ತಾನೆ. ಹಳೆಯ ಮ್ಯಾಕಿನಿಂದ ಬಂದ ಫೈಲಿನ ಹೆಸರುಗಳಲ್ಲಿ ದೀರ್ಘವೂ ಎರಡು ತುಂಡಾಗಿ ಕೂತಿರುತ್ತದೆ; ಕಣ್ಣಿಗೆ ಒಂದೇ, ಹುಡುಕಿದರೆ ಸಿಗದು. ಇದಕ್ಕೆ ಮದ್ದು ಹೆಸರುಗಳ ಒಂದು ಪಟ್ಟಿ. ಐವತ್ತು-ಅರವತ್ತು ಹೆಸರನ್ನು ಒಂದೇ ಸಲ ಸರಿಯಾಗಿ ಬರೆದಿಟ್ಟುಕೊಂಡು, ಪ್ರತಿ ಬಾರಿಯೂ ಅಲ್ಲಿಂದಲೇ ನಕಲು ಮಾಡಿ ಅಂಟಿಸಿ. ಹೊಸದಾಗಿ ಟೈಪ್ ಮಾಡಲೇಬೇಡಿ.

ಫೈಲಿನ ಹೆಸರನ್ನು ಮಾತ್ರ ಇಂಗ್ಲಿಷ್ ಲಿಪಿಯಲ್ಲಿ, ಮೊಟಕಾಗಿ ಇಡುವುದು ಜಾಣತನ. ಲಿನಕ್ಸ್ ಮತ್ತು ಆಂಡ್ರಾಯ್ಡಿನ ಒಳಸಂಗ್ರಹದಲ್ಲಿ ಹೆಸರಿಗೆ 255 ಬೈಟ್ ಮಿತಿ. ಒಂದು ಕನ್ನಡ ಚಿಹ್ನೆಗೆ 3 ಬೈಟ್ ಬೇಕು, ಕೊಂಬು-ದೀರ್ಘ-ಒತ್ತುಗಳಿಗೂ ಪ್ರತ್ಯೇಕ ಲೆಕ್ಕ. 85 ಚಿಹ್ನೆಗೆ ಮಿತಿ ಮುಗಿದು ನಕಲು ಅರ್ಧದಲ್ಲಿ ನಿಲ್ಲುತ್ತದೆ. ಫೋಲ್ಡರ್ ಮೂರು ಹಂತ ಸಾಕು: ಪ್ರಕಾರ, ಆಲ್ಬಮ್, ‘01’ರಿಂದ ಶುರುವಾಗುವ ಹಾಡು.

ಉದ್ದದ ಫೈಲು ಎರಡು ಗಂಟೆಯದಿದ್ದು ಪ್ಲೇಯರ್ ಏಳು ಗಂಟೆ ಎಂದು ತೋರಿಸಿದರೆ, ಮುಂದೆ ಎಳೆದಾಗ ಎಲ್ಲೆಲ್ಲಿಗೋ ಹಾರಿದರೆ, ಅದು ತಲೆಬರಹವಿಲ್ಲದ ವಿಬಿಆರ್ (ಸೆಕೆಂಡಿಗಿಷ್ಟು ಕಿಲೋಬಿಟ್ ಎಂಬುದು ಹಾಡಿನ ಉದ್ದಕ್ಕೂ ಬದಲಾಗುವ) ಎಂಪಿ3. ಫೂಬಾರ್2000ರಲ್ಲಿ ವಿಬಿಆರ್ ಹೆಡರ್ ಸರಿಪಡಿಸುವ ಆಯ್ಕೆಯಿದೆ, ಮತ್ತೆ ಎನ್‌ಕೋಡ್ ಮಾಡಬೇಕಿಲ್ಲ. ದನಿಯ ಏರುಪೇರಿಗೆ ಅಲ್ಲೇ ರೀಪ್ಲೇಗೇನ್ ಓಡಿಸಿ. ಚಿತ್ರಗೀತೆಗೆ ಹಾಡಿನ ಲೆಕ್ಕ, ಕಚೇರಿಗೆ ಆಲ್ಬಮಿನ ಲೆಕ್ಕ. ರೀಪ್ಲೇಗೇನ್ ಅರಿಯದ ಅಗ್ಗದ ಪ್ಲೇಯರಿಗೆ ಹಾಕುವ ಪ್ರತಿಗಳಿಗೆ ಎಂಪಿ3ಗೇನ್, ಅದು 1.5 ಡೆಸಿಬೆಲ್ ಮೆಟ್ಟಿಲಲ್ಲಿ ಫೈಲನ್ನೇ ತಿದ್ದುತ್ತದೆ, ಬೇಡವಾದರೆ ಹಿಂದಕ್ಕೆ ತರಬಹುದು. ಮುಖಚಿತ್ರ ಕಾಣದಿದ್ದರೆ ಜೆಪೆಗ್ ‘ಪ್ರೋಗ್ರೆಸಿವ್’ ಆಗಿರಬಹುದು. 500x500ರ ‘ಬೇಸ್‌ಲೈನ್’ ರೂಪದಲ್ಲಿ ಉಳಿಸಿ ಮತ್ತೆ ಸೇರಿಸಿ.

ಕಾರಿನ ಪೆನ್‌ಡ್ರೈವಿಗೆ ಬೇರೆಯೇ ಪಥ್ಯ. ಎಫ್‌ಎಟಿ32 ಫಾರ್ಮ್ಯಾಟ್, ಎಂಪಿ3 ಮಾತ್ರ. ಹಾಡುಗಳು ‘01, 02’ ಎಂದಿದ್ದರೂ ಕಾರು ಮನಸ್ಸಿಗೆ ಬಂದ ಕ್ರಮದಲ್ಲಿ ನುಡಿಸುತ್ತದೆ ಎಂಬ ದೂರು ಸಾಮಾನ್ಯ. ಅದು ಮನಸ್ಸಿಗೆ ಬಂದದ್ದಲ್ಲ, ನಾವು ನಕಲು ಮಾಡಿದ ಕ್ರಮ. ಎಷ್ಟೋ ಸ್ಟೀರಿಯೊಗಳು ಹೆಸರು ನೋಡದೆ ಡ್ರೈವಿನ ಪಟ್ಟಿಯಲ್ಲಿ ಬರೆದ ಸರದಿಯನ್ನೇ ಹಿಡಿಯುತ್ತವೆ. ಡ್ರೈವ್‌ಸಾರ್ಟ್ ಅಥವಾ ಫ್ಯಾಟ್‌ಸಾರ್ಟ್ ಒಮ್ಮೆ ಓಡಿಸಿದರೆ ಸರಿಹೋಗುತ್ತದೆ. ಮ್ಯಾಕಿನಿಂದ ನಕಲು ಮಾಡಿದ್ದರೆ ಚುಕ್ಕೆ ಮತ್ತು ಅಡಿಗೆರೆಯಿಂದ ಶುರುವಾಗುವ ಪುಟ್ಟ ಫೈಲುಗಳು ಹಾಡುಗಳ ಜೊತೆ ಸೇರಿಕೊಂಡಿರುತ್ತವೆ. ಪ್ರತಿ ಹಾಡಿನ ನಡುವೆ ಎರಡು ಸೆಕೆಂಡ್ ‘ಫೈಲು ಓದಲಾಗುತ್ತಿಲ್ಲ’ ಎಂದು ಕಾರು ಗೊಣಗುವುದು ಅವುಗಳಿಂದ. ಅವನ್ನು ಅಳಿಸಿದ ಮೇಲೆ ಡ್ರೈವನ್ನು ಮತ್ತೆ ಮ್ಯಾಕಿಗೆ ಚುಚ್ಚದೆ ನೇರ ಕಾರಿಗೆ ಒಯ್ಯಿರಿ.